ರೊಟ್ಟಿಯ ಮೇಲೆ ಏನನ್ನೂ ಇಡಬಾರದು

ಗೋಡೆಯಾಚೆ ಚೆಕಿಚ್ ಬಡಿಯುವ ಸದ್ದು. ಟಕ್, ಟಕ್, ಟಕ್. ಒಂದು ಉಸಿರಿನಷ್ಟು ಬಿಡುವು. ಮತ್ತೆ ಟಕ್, ಟಕ್. ಮರದ ಹಿಡಿಗೆ ಕಬ್ಬಿಣದ ಮುಳ್ಳುಗಳನ್ನು ಹೂವಿನ ಹಾಗೆ ಕೂರಿಸಿದ ಆ ಅಚ್ಚು ಹಸಿ ರೊಟ್ಟಿಯ ನಡುವನ್ನು ಚುಚ್ಚಿ, ಹಿಟ್ಟು ದಾಟಿ ಹಲಗೆಗೆ ತಾಗಿದಾಗ ಬರುವ ಸದ್ದು ಅದು. ಕೋಕಂದಿನ ರೊಟ್ಟಿಯವರ ಓಣಿಯಲ್ಲಿ ಕೋಳಿಗಿಂತ ಮೊದಲು ಏಳುವುದು ಅದೇ.

“ಇವತ್ತು ಹೊಸಬಳು,” ಎಂದಳು ಮುಯಸ್ಸರ್, ಮಲಗಿದ್ದಲ್ಲಿಂದಲೇ. “ಹಿಟ್ಟಿನ ಮೇಲೆ ಸಿಟ್ಟು ತೀರಿಸ್ಕೋತಿದಾಳೆ.”

“ಆ ಮನೇಲಿ ದುಡಿಯೋರು ಇನ್ನೆಲ್ಲಿ ತೀರಿಸ್ಕೋಬೇಕಮ್ಮ,” ಎಂದಳು ಮಗಳು ಸನೋಬರ್, ಚಹಾಕ್ಕೆ ನೀರಿಡುತ್ತ.

ಆ ಮನೆ ರಿಸೋಲತಳದು. ಓಣಿಗೆಲ್ಲ ಚಿಕ್ಕಮ್ಮನಂತೆ ರಿಸೋಲತ್ ಹೋಲಾ ಎಂದೇ ಕರೆಸಿಕೊಳ್ಳುವವಳು. ಮದುವೆಯಿರಲಿ, ಸಾವಿರಲಿ, ಕೋಕಂದಿನ ಅರ್ಧ ಊರಿಗೆ ಅವಳ ಒಲೆಯ ರೊಟ್ಟಿಯೇ ಆಗಬೇಕು. ಮುಯಸ್ಸರ್ ತನ್ನ ಪ್ರಾಯವನ್ನೆಲ್ಲ ಆ ಒಲೆಗಳ ಬಾಯಿಗೆ ಬಗ್ಗಿಯೇ ಕಳೆದಳು. ಒದ್ದೆ ತೋಳನ್ನು ತಂದೂರಿನ ಬಾವಿಗೆ ಇಳಿಸಿ, ರೊಟ್ಟಿಯನ್ನು ಒಳಗೋಡೆಗೆ ಬಡಿದು ಅಂಟಿಸುವ ಕೆಲಸ. ಮೊಣಕೈಯವರೆಗಿನ ಚರ್ಮ ಸುಟ್ಟು ಮಾಗಿ, ಮತ್ತೆ ಸುಟ್ಟು ಮತ್ತೆ ಮಾಗಿ, ಹಳೆಯ ಚಕ್ಕಳದ ಬಣ್ಣಕ್ಕೆ ತಿರುಗಿತ್ತು. ಅದಕ್ಕಾಗಿ ಅವಳು ಯಾರನ್ನೂ ದೂರಲಿಲ್ಲ. ಕಣ್ಣು ಮಂಜಾಗತೊಡಗಿದ್ದು ಆಮೇಲೆ. ಮೊದಲು ರೊಟ್ಟಿಯ ಅಂಚು ಕಾಣದಾಯಿತು, ನಂತರ ಒಲೆಯ ಅಂಚು. ರಿಸೋಲತ್ ಹೋಲಾ ಅದನ್ನು ನೋಡಿಯೂ ನೋಡದವಳಂತೆ ಇದ್ದಳು. ರೊಟ್ಟಿಗಳು ಜಾರಿ ಬೂದಿಗೆ ಬೀಳಲು ಶುರುವಾದ ಮೇಲಷ್ಟೇ, ಎರಡು ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಕೈಗಿತ್ತು, ಇನ್ನು ಮನೆಯಲ್ಲಿ ಆರಾಮವಾಗಿರು ಎಂದಳು. ಅಂದಿನಿಂದ ಗೋಡೆಯ ಈಚೆಗೆ ಆ ಮನೆಯ ರೊಟ್ಟಿ ಬಂದಿಲ್ಲ. ಸನೋಬರ್ ಓಣಿ ಬಳಸಿಕೊಂಡು ಹೋಗಿ ಕಾಲುವೆಯಾಚೆಯ ಅಂಗಡಿಯಿಂದ ತರುತ್ತಿದ್ದಳು. ಅದು ತಣ್ಣಗಿರುತ್ತಿತ್ತು, ರುಚಿಯೂ ಅಷ್ಟಕ್ಕಷ್ಟೆ. ಇಬ್ಬರೂ ಅದರ ಬಗ್ಗೆ ಮಾತಾಡದೆ ತಿನ್ನುತ್ತಿದ್ದರು.

ಮಗಳನ್ನು ಹಿಟ್ಟಿನ ತೊಟ್ಟಿಯ ಹತ್ತಿರ ಸುಳಿಯಗೊಡಲಿಲ್ಲ ಮುಯಸ್ಸರ್. ಓದಿಸಿದಳು, ಕಂಪ್ಯೂಟರ್ ತರಗತಿಗೆ ಕಳಿಸಿದಳು. ಈಗ ಸನೋಬರ್ ಫೋನ್ ರಿಪೇರಿ ಅಂಗಡಿಗಳ ಮೇಲಿನ ಕೋಣೆಯೊಂದರಲ್ಲಿ ಎಲ್ಮುರೋದ್ ಎಂಬುವನ ಕೈಕೆಳಗೆ ಮೊಬೈಲ್ ಆ್ಯಪ್‌ಗಳ ಪರದೆಗಳನ್ನು ಜೋಡಿಸುತ್ತಿದ್ದಳು. ಅಣ್ಣನಿಗೆ ಕೊಡುವ ಮರ್ಯಾದೆ ಕೊಟ್ಟು ಅವನನ್ನು ಎಲ್ಲರೂ ಎಲ್ಮುರೋದ್ ಅಕಾ ಎನ್ನುತ್ತಿದ್ದರು. ಅವನಿಗೆ ಕೆಲಸ ಗೊತ್ತಿದ್ದುದಕ್ಕಿಂತ ಕೆಲಸ ಹಿಡಿದು ತರುವುದು ಗೊತ್ತಿತ್ತು. ಆ್ಯಪಿನ ಹಿಂದಿನ ಲೆಕ್ಕಾಚಾರವನ್ನು ತಾಷ್ಕೆಂಟಿನಲ್ಲಿ ಯಾರೋ ಬರೆದು ಕಳಿಸುತ್ತಿದ್ದರು. ಕಣ್ಣಿಗೆ ಕಾಣುವುದೆಲ್ಲ ಸನೋಬರಳದು. ಊರಿನಲ್ಲಿ ಅಂಥ ಕೆಲಸ ಕೊಡುವ ಕೋಣೆ ಅದೊಂದೇ. ಅದು ಕೈತಪ್ಪಿದರೆ ಈ ಓಣಿಯ ಹೆಣ್ಣಿಗೆ ಉಳಿಯುವುದು ತೊಟ್ಟಿ ಮಾತ್ರ.

ಏನು ಕೆಲಸವೇ ಅದು ಎಂದು ಅಮ್ಮ ಒಮ್ಮೆ ಕೇಳಿದ್ದಳು. ಊಟಕ್ಕೆ ಹಾಸುವ ಹಾಗೆ ಎಂದಳು ಸನೋಬರ್. ಮೊದಲು ಕೂರುವ ಹಾಸು, ಅದರ ಮೇಲೆ ದಸ್ತರ್‌ಖಾನಿನ ಬಟ್ಟೆ, ಬಟ್ಟೆಯ ಮೇಲೆ ತಟ್ಟೆ, ತಟ್ಟೆಯಲ್ಲಿ ದ್ರಾಕ್ಷಿ. ಮೊದಲು ಇಟ್ಟದ್ದು ಅಡಿಗೆ ಹೋಗುತ್ತದೆ, ಕೊನೆಗೆ ಇಟ್ಟದ್ದು ಮೇಲೆ ಕೂರುತ್ತದೆ. ಪರದೆಯ ಮೇಲೂ ಅಷ್ಟೆ. ಒಂದರ ಮೇಲೊಂದು ಸ್ವಲ್ಪ ಏರಿಕೊಂಡು ಕೂತಾಗಲೇ ನೋಡುವವರಿಗೆ ಆಳ ಕಾಣುತ್ತದೆ, ಕೈಯಿಟ್ಟರೆ ಎತ್ತಿಕೊಳ್ಳಬಹುದು ಅನ್ನಿಸುತ್ತದೆ. ಯಾವುದು ಯಾವುದರ ಮೇಲೆ, ಎಷ್ಟು ಮುಚ್ಚಬೇಕು, ಎಷ್ಟು ಬಿಡಬೇಕು ಎಂದು ನೋಡುವುದೇ ತನ್ನ ಕೆಲಸ.

“ಅಷ್ಟೆಲ್ಲ ಹಾಸಿದ ಮೇಲೆ ತಿನ್ನೋದು ಯಾರು?”

“ಯಾರೂ ತಿನ್ನಲ್ಲಮ್ಮ. ಒತ್ತುತಾರೆ.”

“ಹಾಗಾದ್ರೆ ಹಸಿದ ಕೆಲಸ,” ಎಂದಿದ್ದಳು ಮುಯಸ್ಸರ್.

ಇಲ್ಲಿಯವರ ಈದ್ ಆದ ಹಾಯಿತ್ ಹಬ್ಬ ಹತ್ತಿರವಾದಾಗ ಎಲ್ಮುರೋದ್ ಒಂದು ಹೊಸ ಕೆಲಸ ಹಿಡಿದು ತಂದ. ರಿಸೋಲತ್ ಹೋಲಾಗೆ ಆ್ಯಪ್ ಬೇಕಂತೆ. ಹಬ್ಬದ ರೊಟ್ಟಿಗೆ ಈ ವರ್ಷ ಯಾರೂ ಬಾಗಿಲಿಗೆ ಬಂದು ನಿಲ್ಲಬೇಕಾಗಿಲ್ಲ, ಮನೆಯಲ್ಲೇ ಕೂತು ಒತ್ತಿದರೆ ರೊಟ್ಟಿ ಮನೆಗೇ ಬರುತ್ತದೆ ಎಂದು ಓಣಿಯಲ್ಲೆಲ್ಲ ಆಗಲೇ ಸಾರಿಬಿಟ್ಟಿದ್ದಾಳಂತೆ. ಸನೋಬರ್ ಹೆಸರು ಕೇಳಿ ತುಟಿ ಬಿಗಿದಳು. ಬೇರೆಯವರಿಗೆ ಕೊಡಿ ಎನ್ನಬಹುದಿತ್ತು. ಬೇರೆಯವರು ಯಾರೂ ಇರಲಿಲ್ಲ.

ದ್ವೇಷ ಎಷ್ಟೇ ಇರಲಿ, ಕೆಟ್ಟದಾಗಿ ಜೋಡಿಸಲು ಅವಳ ಕೈಗೆ ಬರುವುದಿಲ್ಲ. ಅಡಿಯಲ್ಲಿ ಒಲೆಯ ಬಾಯಿಯ ಕೆಂಪು ಬೆಳಕಿನ ಚಿತ್ರ. ಅದರ ಮೇಲೆ ನಟ್ಟನಡುವೆ ಒಂದು ದುಂಡು ರೊಟ್ಟಿ, ನಡುವೆ ಚೆಕಿಚ್ ಹೂವು, ಸುತ್ತ ಕರಿಜೀರಿಗೆ. ರೊಟ್ಟಿಯ ಹೆಗಲ ಮೇಲೆ ‘ಬಿಸಿ’ ಎಂಬ ಪುಟ್ಟ ಕೆಂಪು ಚೀಟಿ. ಕೆಳಗೆ, ಅರ್ಧ ರೊಟ್ಟಿಯ ಮೇಲೆ ಅರ್ಧ ಬೆಳಕಿನ ಮೇಲೆ, ‘ಕಳಿಸಿ’ ಎಂಬ ಬಟನ್. ಮುಗಿಸಿದ ದಿನ ಅವಳಿಗೇ ಹಸಿವಾಯಿತು. ಆ ರೊಟ್ಟಿಯನ್ನು ಅವಳು ಕಾಲುವೆಯಾಚೆಯ ಅಂಗಡಿಯದನ್ನು ನೋಡಿ ಮಾಡಿರಲಿಲ್ಲ. ಚಿಕ್ಕಂದಿನಲ್ಲಿ ಅಮ್ಮ ತಲೆಬಟ್ಟೆಯಲ್ಲಿ ಮುಚ್ಚಿ ತರುತ್ತಿದ್ದುದನ್ನು ನೆನೆದು ಮಾಡಿದ್ದಳು.

ರಿಸೋಲತ್ ಹೋಲಾ ನೋಡಲು ಬಂದಳು. ಮೆಟ್ಟಿಲು ಹತ್ತಿದ ಏದುಸಿರು ಇಳಿಯುವವರೆಗೆ ಕೂತಳು, ಚಹಾ ಮುಟ್ಟಲಿಲ್ಲ. ಎಲ್ಮುರೋದ್ ತನ್ನ ದೊಡ್ಡ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಮುಂದೆ ಚಾಚಿದ. ಅವಳು ಬಹಳ ಹೊತ್ತು ನೋಡಿದಳು. ಮುಖ ಗಂಟಿಕ್ಕಿತು.

“ರೊಟ್ಟಿ ಮೇಲೆ ಏನಿಟ್ಟಿದೀಯ?”

ಎಲ್ಮುರೋದನಿಗೆ ಅರ್ಥವಾಗಲಿಲ್ಲ. ಅದು ಬಟನ್ ಹೋಲಾ, ಒತ್ತೋದಕ್ಕೆ ಎಂದ.

“ನಿಮ್ಮನೇಲಿ ರೊಟ್ಟಿ ಮೇಲೆ ಚಾಕು ಇಡ್ತೀರ? ಲೋಟ ಇಡ್ತೀರ? ಬೀಗದ ಕೈ ಇಡ್ತೀರ?” ಎಂದು ಕೇಳಿ ಅವಳು ಸನೋಬರಳ ಕಡೆ ತಿರುಗಿದಳು. “ಮುಯಸ್ಸರಳ ಮಗಳಲ್ವ ನೀನು. ಅಷ್ಟು ವರ್ಷ ರೊಟ್ಟಿ ಮುಟ್ಟಿದೋಳು ಮಗಳಿಗೆ ಇಷ್ಟೂ ಕಲಿಸ್ಲಿಲ್ವ?”

ಸನೋಬರಳ ಕಿವಿ ಬಿಸಿಯಾಯಿತು. ಕಲಿಸಿದ್ದಳು. ರೊಟ್ಟಿಯನ್ನು ಬೋರಲು ಇಡಬಾರದು, ನೆಲಕ್ಕೆ ತಾಕಿಸಬಾರದು, ಅದರ ಮೇಲೆ ಇನ್ನೊಂದು ರೊಟ್ಟಿಯಲ್ಲದೆ ಮತ್ತೇನನ್ನೂ ಇಡಬಾರದು. ಆ ಮನೆಯ ಕೆಲಸ ಬಿಡಿಸಿ ಕಳಿಸಿದ ದಿನವೂ ಮುಯಸ್ಸರ್ ಬಟ್ಟೆಯ ಗಂಟನ್ನು ಎದೆಯ ಮಟ್ಟದಲ್ಲೇ ಹಿಡಿದು ತಂದಿದ್ದಳು. ಚಿತ್ರಕ್ಕೂ ಅದು ಸಲ್ಲುತ್ತದೆ ಎಂದು ಸನೋಬರಳಿಗೆ ಹೊಳೆದಿರಲಿಲ್ಲ. ಹೊಳೆಯದೆ ಹೋದದ್ದಕ್ಕೆ ನಾಚಿಕೆಯಾಯಿತು. ಹೇಳಿದವಳು ಈ ಹೆಂಗಸು ಎಂಬುದಕ್ಕೆ ನಾಚಿಕೆಗಿಂತ ಸಿಟ್ಟು ಹೆಚ್ಚಾಯಿತು.

ಎಲ್ಮುರೋದ್ ಕೈ ಮುಗಿಯುವುದೊಂದು ಬಾಕಿ. ಸಂಜೆಯೊಳಗೆ ಸರಿಮಾಡಿಸುತ್ತೇನೆ, ರೊಟ್ಟಿ ಎಲ್ಲಕ್ಕಿಂತ ಮೇಲೆ ಇರುತ್ತದೆ ಎಂದ. ಬಟನ್ ಪಕ್ಕಕ್ಕೆ ಸರಿಸೋಣ ಎಂದಳು ಸನೋಬರ್. ರೊಟ್ಟಿಯನ್ನು ಚಿಕ್ಕದು ಮಾಡುವುದಕ್ಕೆ ಹೋಲಾ ಒಪ್ಪಲಿಲ್ಲ, ಬಟನ್ ಇನ್ನೂ ಕೆಳಗೆ ಹೋದರೆ ಚಿಕ್ಕ ಫೋನುಗಳಲ್ಲಿ ಕಾಣುವುದೇ ಇಲ್ಲ. ಆಗ ಸನೋಬರ್ ಇನ್ನೊಂದು ಮಾತು ತೆಗೆದಳು. ರೊಟ್ಟಿ ದುಂಡಗಿದ್ದರೂ ರೊಟ್ಟಿಯ ಚಿತ್ರ ದುಂಡಗಿರುವುದಿಲ್ಲ, ಚೌಕವೇ. ನಾಲ್ಕು ಮೂಲೆ ಕಣ್ಣಿಗೆ ಕಾಣದಿದ್ದರೂ ಗಾಜಿನ ಹಾಗೆ ಅಲ್ಲೇ ಇರುತ್ತವೆ. ಎಲ್ಲಕ್ಕಿಂತ ಮೇಲೆ ಅದನ್ನು ಇಟ್ಟರೆ ಆ ಮೂಲೆ ಬಟನ್ ಮೇಲೆ ಬರುತ್ತದೆ. ಬಟನ್ ಕಾಣುತ್ತದೆ, ಬೆರಳು ಮಾತ್ರ ಗಾಜಿಗೆ ತಾಗಿ ನಿಲ್ಲುತ್ತದೆ. ಅದಕ್ಕೆ ಬೇರೆ ಏನಾದರೂ...

“ಸುಮ್ನಿರು,” ಎಂದ ಎಲ್ಮುರೋದ್. “ಕಾಣದೇ ಇರೋದು ಯಾರಿಗೆ ಅಡ್ಡ ಬರತ್ತೆ? ದೊಡ್ಡೋರ ಮುಂದೆ ಪಾಠ ಶುರು ಮಾಡ್ಬೇಡ.”

ರಿಸೋಲತ್ ಹೋಲಾ ಎದ್ದಳು. ಹೋಗುವ ಮೊದಲು ಸನೋಬರಳ ಬಲಗೈಯನ್ನು ಹಿಡಿದು ಅಂಗೈ ತಿರುಗಿಸಿ ನೋಡಿದಳು, ಸಂತೆಯಲ್ಲಿ ಕುರಿಯ ಹಲ್ಲು ನೋಡುವವರ ಹಾಗೆ.

“ಅಮ್ಮನದೇ ಕೈ. ನಾದೋ ಕೈ. ಇಲ್ಲಿ ಸುಮ್ನೆ ವ್ಯರ್ಥ ಮಾಡ್ತಿದೀಯ. ನನ್ನ ತೊಟ್ಟಿ ಹತ್ರ ಜಾಗ ಖಾಲಿ ಇದೆ, ಗೊತ್ತಿರ್ಲಿ.”

ಸನೋಬರ್ ರೊಟ್ಟಿಯನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟಳು. ಅದು ಎಲ್ಲಕ್ಕಿಂತ ಮೇಲೆ ಬಂದು ಕೂತಿತು. ಚೀಟಿ ರೊಟ್ಟಿಯ ಹಿಂದಿನಿಂದ ಇಣುಕಿತು, ಬಟನ್ ರೊಟ್ಟಿಯ ಅಡಿಯಿಂದ ಸ್ವಲ್ಪ ತಲೆಯೆತ್ತಿತು. ಎಲ್ಮುರೋದನ ದೊಡ್ಡ ಫೋನಿನಲ್ಲಿ ಬಟನ್ನಿನ ಅರ್ಧ ಭಾಗ ಚಿತ್ರದ ಚೌಕದಿಂದ ಹೊರಗೇ ಉಳಿದಿತ್ತು. ಅವನು ಒತ್ತಿದ, ಅದು ಕೆಲಸ ಮಾಡಿತು, ನೋಡಿದ್ಯಾ ಎಂದು ಹುಬ್ಬು ಹಾರಿಸಿದ. ಸನೋಬರ್ ಅದನ್ನೇ ರಾತ್ರಿ ಮನೆಯಲ್ಲಿ ಅಮ್ಮನ ಹಳೆಯ ಫೋನಿನಲ್ಲಿ ನೋಡಿದಳು. ಓಣಿಯ ಮುಕ್ಕಾಲು ಮಂದಿಯ ಫೋನ್ ಅಂಥದ್ದೇ, ಅಂಗೈಯಗಲದ್ದು, ಮೂಲೆ ಒಡೆದದ್ದು. ಒತ್ತಿದಳು. ಏನೂ ಆಗಲಿಲ್ಲ. ಮತ್ತೆ ಒತ್ತಿದಳು. ಬಟನ್ ಕಣ್ಣೆದುರೇ ಇತ್ತು, ಬೆರಳಿಗೆ ಮಾತ್ರ ಸಿಗುತ್ತಿರಲಿಲ್ಲ.

ಅದಕ್ಕೆ ಮದ್ದು ದೊಡ್ಡದೇನಲ್ಲ. ಬೆರಳು ಬಂದರೆ ಒಳಗೆ ಬಿಡು ಎಂದು ಆ ಚಿತ್ರಕ್ಕೆ ಹೇಳುವ ಒಂದು ಸಾಲು. ರೊಟ್ಟಿ ಮೇಲೆಯೇ ಇರುತ್ತದೆ, ಅದರ ಮರ್ಯಾದೆಗೆ ಕುಂದಿಲ್ಲ. ಮೂಲೆಯ ಗಾಜು ಮಾತ್ರ ಇಲ್ಲದಂತಾಗುತ್ತದೆ. ಅವತ್ತು ಹೋಲಾಳ ಎದುರು ಹೇಳಹೊರಟದ್ದೂ ಅದನ್ನೇ. ಮರುದಿನ ಅವಳು ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತಳು. ಕಿಟಕಿಯ ಹೊರಗೆ ಮಧ್ಯಾಹ್ನದ ಬಿಸಿಲು ಹಿಪ್ಪುನೇರಳೆ ಮರದ ಎಲೆಗಳ ಮೇಲೆ ಸುಮ್ಮನೆ ಬಿದ್ದಿತ್ತು. ಬೆರಳು ಕೀಲಿಗಳ ಮೇಲಿತ್ತು. ಸುಮ್ನಿರು ಎಂದ ಮಾತು ಇನ್ನೂ ಕಿವಿಯಲ್ಲಿತ್ತು, ಅಂಗೈಯಲ್ಲಿ ಆ ಹೆಂಗಸಿನ ಬೆರಳಿನ ಒತ್ತು ಇತ್ತು. ಅವಳು ಸುಮ್ಮನಿದ್ದಳು. ಕೆಲಸ ಮುಗಿದಿದೆ ಎಂದು ಎಲ್ಮುರೋದನಿಗೆ ಕಳಿಸಿಬಿಟ್ಟಳು.

ಹಬ್ಬದ ಹಿಂದಿನ ದಿನ ರಿಸೋಲತಳ ಒಲೆಗಳೆಲ್ಲ ಒಟ್ಟಿಗೆ ಉರಿದವು. ಗೋಡೆಯಾಚೆ ಚೆಕಿಚ್‌ಗಳು ಆಲಿಕಲ್ಲಿನ ಮಳೆಯಂತೆ ಬಡಿದವು. ಮುಯಸ್ಸರ್ ಒಂದೊಂದೇ ಕೈಯನ್ನು ಗುರುತಿಸಿ ಹೆಸರು ಹೇಳುತ್ತ ಕೂತಿದ್ದಳು. ಇವಳು ಆಳವಾಗಿ ಚುಚ್ತಾಳೆ, ಇವಳಿಗೆ ಮೈಗಳ್ಳತನ, ಇದು ರಿಸೋಲತಳೇ, ವಯಸ್ಸಾದರೂ ಕೈ ಕುಗ್ಗಿಲ್ಲ. ಬಿಸಿಲು ಏರುತ್ತ ಒಂದೊಂದೇ ಸದ್ದು ಕಡಿಮೆಯಾಯಿತು. ಕೊನೆಗೆ ಎಲ್ಲ ನಿಂತಿತು. ಹಬ್ಬದ ಹಿಂದಿನ ದಿನ ಅದು ನಿಲ್ಲುವ ಹೊತ್ತಲ್ಲ.

ಆಮೇಲೆ ರಿಸೋಲತಳ ಬಾಗಿಲ ಕಡೆಯಿಂದ ಹೆಂಗಸರ ದನಿಗಳು ಕೇಳಿದವು. ಒತ್ತಿದೆ, ಒತ್ತಿದೆ, ರೊಟ್ಟಿ ಬರಲಿಲ್ಲ ಎಂದು ಒಬ್ಬಳು. ನನಗೆ ಬೇಕಂತಲೇ ಕೊಡದೆ ನನ್ನ ತಂಗಿ ಮನೆಗೆ ಮಾತ್ರ ಕೊಟ್ಟಿದ್ದೀರಿ ಎಂದು ಇನ್ನೊಬ್ಬಳು. ಬೆರಳು ಸವೆಯುವ ಹಾಗೆ ಒತ್ತಿ, ಸಾಕಾಗಿ, ಕಾಲುವೆಯಾಚೆಯಿಂದ ತಂದುಕೊಂಡವರು ಬೈದು ಹೋಗುವುದಕ್ಕೆಂದೇ ಬಂದಿದ್ದರು. ಒಳಗೆ ಯಾರೂ ಕೇಳದ ರೊಟ್ಟಿ ಹಲಗೆಗಳ ಮೇಲೆ ಆರುತ್ತಿತ್ತು. ಆ ಮನೆಯಲ್ಲಿ ರೊಟ್ಟಿಯನ್ನು ಬಿಸಾಡುವವರಿಲ್ಲ. ಬಿಸಾಡಲಾಗದ್ದೇ ದೊಡ್ಡ ಸಂಕಟ.

“ಚೆಕಿಚ್ ನಿಂತಿದೆ,” ಎಂದಳು ಮುಯಸ್ಸರ್. ಮಂಜುಗಣ್ಣನ್ನು ಮಗಳಿದ್ದ ಕಡೆಗೆ ತಿರುಗಿಸಿದಳು. “ನೀನೇನಾದ್ರೂ ಮಾಡಿದ್ಯಾ?”

“ನಾನೇನೂ ಮಾಡ್ಲಿಲ್ಲ.”

“ಅದನ್ನೇ ಕೇಳಿದ್ದು.”

ಗೋಡೆಯಾಚೆಯ ಮೌನದಲ್ಲಿ ಸನೋಬರಳಿಗೆ ಖುಷಿಯಾಗಬೇಕಿತ್ತು. ಸ್ವಲ್ಪ ಆಯಿತು ಕೂಡ, ಸುಳ್ಳೇಕೆ. ಆದರೆ ಅದರ ಜೊತೆಗೇ, ಹಲಗೆಯ ಮೇಲೆ ಆರುತ್ತಿರುವ ರೊಟ್ಟಿಯ ವಾಸನೆ ಗೋಡೆ ಹತ್ತಿ ಬಂದು ಅಂಗಳದಲ್ಲಿ ಇಳಿಯಿತು.

ಹಬ್ಬ ಕಳೆದ ಮೇಲೆ ಎಲ್ಮುರೋದ್ ಬಂದು ಬಾಗಿಲಲ್ಲಿ ನಿಂತ. ಒಳಗೆ ಬರಲಿಲ್ಲ. ರಿಸೋಲತ್ ಹೋಲಾ ಕರೆಸಿದ್ದಾಳೆ, ಈಗಲೇ ಹೊರಡು ಎಂದ. ನಾನು ಎಲ್ಲ ಮಾತಾಡಿಟ್ಟಿದ್ದೇನೆ, ಹುಡುಗಿಗೆ ಅನುಭವವಿಲ್ಲ, ಹೀಗಾಗುತ್ತದೆ ಎಂದು ಗೊತ್ತಿರಲಿಲ್ಲ ಎಂದಿದ್ದೇನೆ. ನೀನೂ ಅಷ್ಟೇ ಹೇಳಬೇಕು, ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆ ಇಲ್ಲ. ಹೇಳಿದರೆ ಹೋಲಾ ಹೊಟ್ಟೆಗೆ ಹಾಕಿಕೊಳ್ಳುತ್ತಾಳೆ, ನಾಳೆಯಿಂದ ನೀನು ಎಂದಿನಂತೆ ಬರಬಹುದು. ಇಲ್ಲದಿದ್ದರೆ ನಿನ್ನನ್ನು ಇಟ್ಟುಕೊಂಡು ನಾನು ಈ ಊರಿನಲ್ಲಿ ಇನ್ನೊಂದು ಕೆಲಸ ಹಿಡಿಯಲಾರೆ. “ಬಾಯಲ್ಲಿ ಹೇಳಿದ್ರೆ ಸಾಲದಂತೆ,” ಎಂದು ಸೇರಿಸಿದ. “ರೊಟ್ಟಿ ಹಿಡಿದು ಆಣೆ ಮಾಡಿ ಹೇಳ್ಬೇಕಂತೆ.”

ಸನೋಬರ್ ತಲೆಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದಾಗ ಮುಯಸ್ಸರ್ ಅವಳ ತೋಳು ಹಿಡಿದಳು.

“ಸುಳ್ಳು ಹೇಳೋದಾದ್ರೆ ನನ್ನ ತಲೆ ಮೇಲೆ ಕೈಯಿಟ್ಟು ಹೇಳು, ಪರವಾಗಿಲ್ಲ. ರೊಟ್ಟಿ ಹಿಡಿದು ಬೇಡ.”

ಗೋಡೆಯಾಚೆಗೆ ಹೋಗಲು ಓಣಿ ಬಳಸಬೇಕಾಗಿರಲಿಲ್ಲ, ಪಕ್ಕದ ಬಾಗಿಲು ಅಷ್ಟೆ. ಆದರೂ ಸನೋಬರ್ ಆ ಹೊಸ್ತಿಲು ದಾಟಿ ಎಷ್ಟೋ ಕಾಲವಾಗಿತ್ತು. ಅಂಗಳದಲ್ಲಿ ದ್ರಾಕ್ಷಿ ಚಪ್ಪರದ ಕೆಳಗಿನ ಜಗಲಿ, ಅದರ ಮೇಲೆ ಹಾಸು, ಹಾಸಿನ ಮೇಲೆ ಬಟ್ಟೆ, ಬಟ್ಟೆಯ ಮೇಲೆ ಒಂದೇ ಒಂದು ರೊಟ್ಟಿ. ಚಹಾ ಇರಲಿಲ್ಲ. ಆಚೆ ಒಲೆಗಳ ಹತ್ತಿರ ಕೆಲಸದ ಹೆಂಗಸರು ಕೈ ಒರೆಸಿಕೊಳ್ಳುತ್ತ ಕೇಳಲು ನಿಂತಿದ್ದರು. ರಿಸೋಲತ್ ಹೋಲಾ ಗೋಡೆಗೊರಗಿ ಕೂತಿದ್ದಳು, ಎರಡು ಮೂರು ದಿನದಲ್ಲೇ ಮುಖ ಇಳಿದುಹೋಗಿತ್ತು. ಕೂರು ಎನ್ನಲಿಲ್ಲ.

“ಉಳಿದ ರೊಟ್ಟೀನೆಲ್ಲ ದನಕ್ಕೆ ನೆನೆಹಾಕಿದೆ,” ಎಂದಳು. “ನಮ್ಮತ್ತೆ ಕಾಲದಿಂದ ಇದು ಆಗಿರ್ಲಿಲ್ಲ. ತಗೋ ಅದನ್ನ ಕೈಯಲ್ಲಿ. ಗೊತ್ತಿರ್ಲಿಲ್ಲ ಅಂತ ಹೇಳು. ಹೇಳಿದ್ರೆ ನಾನು ಮರೀತೀನಿ.”

ಎಲ್ಮುರೋದ್ ಹಿಂದಿನಿಂದ ಕೆಮ್ಮಿದ.

ಸನೋಬರ್ ಬಗ್ಗಿ ಎರಡೂ ಕೈಯಲ್ಲಿ ರೊಟ್ಟಿಯನ್ನು ಎತ್ತಿಕೊಂಡಳು. ಆಗಷ್ಟೇ ಒಲೆಯಿಂದ ತೆಗೆದದ್ದು. ತಾನು ಪರದೆಯ ಮೇಲೆ ಅಷ್ಟು ಸಲ ಅತ್ತಿತ್ತ ಸರಿಸಿದ್ದ ರೊಟ್ಟಿಗೆ ಇಷ್ಟು ಭಾರ ಇರಲಿಲ್ಲ. ನಡುವಿನ ಹೂವಿನ ತೂತುಗಳಿಂದ ಹಬೆ ಬರುತ್ತಿತ್ತು, ಕರಿಜೀರಿಗೆಯ ವಾಸನೆ, ಅಮ್ಮನ ತಲೆಬಟ್ಟೆಯ ವಾಸನೆ. ಗೊತ್ತಿರಲಿಲ್ಲ ಎಂಬ ಒಂದೇ ಮಾತು. ಮೆಟ್ಟಿಲು, ಕೋಣೆ, ಕಿಟಕಿ, ಹಿಪ್ಪುನೇರಳೆ ಮರ ಎಲ್ಲ ಆ ಮಾತಿನ ಆಚೆ ಅವಳಿಗಾಗಿ ಹಾಗೆಯೇ ಕಾದಿದ್ದವು.

“ಗೊತ್ತಿತ್ತು,” ಎಂದಳು.

ಒಲೆಯ ಹತ್ತಿರ ಯಾರೋ ಉಸಿರೆಳೆದುಕೊಂಡರು. ಎಲ್ಮುರೋದ್ ಏನೋ ಹೇಳಹೋದ. ಹೋಲಾ ಕೈಯೆತ್ತಿ ಅವನನ್ನು ತಡೆದಳು.

“ಬೇಕಂತಲೇ ಮಾಡಿದ್ಯಾ?”

“ಒಂದ್ಸಲ ಹೇಳೋಕೆ ಹೋದೆ, ಸುಮ್ನಿರು ಅಂದ್ರು. ಆಮೇಲೆ ಹೇಳ್ಲಿಲ್ಲ. ಒಂದು ಸಾಲು ಬರೆದು ಸರಿ ಮಾಡ್ಬಹುದಿತ್ತು, ಮಾಡ್ಲಿಲ್ಲ.” ಅವಳು ರೊಟ್ಟಿಯ ಅಂಚನ್ನು ಬಿಗಿಯಾಗಿ ಹಿಡಿದಿದ್ದಳು. ಹಾಗೆಯೇ ಅದನ್ನು ಮುಂದಕ್ಕೆ ಚಾಚಿದಳು. “ಈಗ ನೀವು ಹಿಡೀರಿ ಹೋಲಾ. ನಮ್ಮಮ್ಮನ ಕಣ್ಣು ಹೋಗ್ತಿದೆ ಅಂತ ನಿಮಗೆ ಗೊತ್ತಿರ್ಲಿಲ್ಲ ಅನ್ನಿ. ನಾನೂ ಮರೀತೀನಿ.”

ಚಪ್ಪರದ ಎಲೆಯೊಂದು ಬಟ್ಟೆಯ ಮೇಲೆ ಬಿತ್ತು. ರಿಸೋಲತ್ ಹೋಲಾಳ ಕೈಗಳು ಮಡಿಲಲ್ಲೇ ಇದ್ದವು. ಅವು ಕೂಡ ಮೊಣಕೈವರೆಗೆ ಚಕ್ಕಳದ ಬಣ್ಣದವೇ ಎಂದು ಸನೋಬರ್ ಅಂದೇ ಮೊದಲು ಗಮನಿಸಿದಳು. ಆ ಕೈಗಳು ಮೇಲೇಳಲಿಲ್ಲ. ಮುಖದಲ್ಲಿ ಪಶ್ಚಾತ್ತಾಪವೇನೂ ಕಾಣಲಿಲ್ಲ, ಸಿಟ್ಟು ಮಾತ್ರ ಇನ್ನಷ್ಟು ಒಳಗಿಳಿದು ತಣ್ಣಗಾಯಿತು.

“ಎಲ್ಮುರೋದ್,” ಎಂದಳು, ಹುಡುಗಿಯಿಂದ ಕಣ್ಣು ತೆಗೆಯದೆ. “ಇವಳು ನಿನ್ನ ಹತ್ರ ಇರೋವರೆಗೆ ಈ ಓಣಿಯಿಂದ ನಿಂಗೆ ಒಂದು ಕೆಲಸವೂ ಬರಲ್ಲ.”

“ಇರಲ್ಲ ಹೋಲಾ,” ಎಂದ ಅವನು ತಡಮಾಡದೆ.

“ತೊಟ್ಟಿ ಹತ್ರದ ಜಾಗ ಇನ್ನೂ ಖಾಲಿನೇ ಇದೆ,” ಎಂದಳು ಹೋಲಾ ಸನೋಬರಳಿಗೆ. ಕನಿಕರಕ್ಕೆ ಹೇಳಿದ ಮಾತಲ್ಲ ಅದು.

ಸನೋಬರ್ ರೊಟ್ಟಿಯನ್ನು ಬಟ್ಟೆಯ ಮೇಲೆ ಇಟ್ಟಳು, ಹೂವು ಮೇಲಾಗಿ, ಮೆಲ್ಲಗೆ. ಬಿದ್ದಿದ್ದ ಎಲೆಯನ್ನು ಎತ್ತಿ ಅದಕ್ಕೆ ತಾಗದ ಹಾಗೆ ಪಕ್ಕಕ್ಕಿಟ್ಟಳು. ನಾಳೆ ಏನು ಮಾಡಬೇಕು ಎಂದು ಅವಳಿಗೂ ಗೊತ್ತಿರಲಿಲ್ಲ. ಚಪ್ಪಲಿಯ ಕಡೆಗೆ ನಡೆದಳು.

ಎಲ್ಮುರೋದ್ ಬಿರಬಿರನೆ ಹಿಂದೆ ಬಂದ. ಅವಳ ಕೆಲಸ ಕಳೆದವನೇ ಈಗ ದನಿ ತಗ್ಗಿಸಿ ಬೇಡುತ್ತಿದ್ದ. ಮದುವೆಗಳ ಕಾಲ ಬರುತ್ತಿದೆ, ಆ್ಯಪ್ ಇನ್ನೂ ಎಲ್ಲರ ಫೋನಿನಲ್ಲಿ ಹಾಗೆಯೇ ಇದೆ, ತಾಷ್ಕೆಂಟಿನವರು ಅದು ತಮ್ಮ ಕೆಲಸವಲ್ಲ ಎನ್ನುತ್ತಿದ್ದಾರೆ.

“ಆ ಒಂದು ಸಾಲು ಯಾವ್ದು, ಎಲ್ಲಿ ಬರೀಬೇಕು, ಅಷ್ಟಾದ್ರೂ ಹೇಳಿ ಹೋಗು.”

“ಏನು ಮಹಾ ಅಲ್ಲ ಅಕಾ,” ಎಂದಳು ಸನೋಬರ್ ಚಪ್ಪಲಿ ಮೆಟ್ಟುತ್ತ. ಹಿಂದೆ, ಒಲೆಗಳ ಹತ್ತಿರ, ಯಾರೋ ಮತ್ತೆ ಚೆಕಿಚ್ ಎತ್ತಿಕೊಂಡಿದ್ದರು, ಟಕ್, ಟಕ್. “ರೊಟ್ಟಿ ಚಿತ್ರ ಇಟ್ಟಿದೀನಲ್ಲ, ಎಲ್ಲಕ್ಕಿಂತ ಕೊನೇಲಿ, ಅದನ್ನ ಹುಡುಕಿ, ಅದರ ಹೆಸರಿನ ಕೆಳಗೆ, ಬೆರಳು ಬಂದ್ರೆ...” ಎನ್ನುತ್ತಲೇ ಹೊಸ್ತಿಲು ದಾಟಿದಳು, ಮಾತು ನಿಲ್ಲಿಸದೆ, ತಿರುಗಿಯೂ ನೋಡದೆ ಓಣಿಯಲ್ಲಿ ನಡೆದಳು; ಉಳಿದದ್ದು ಬೇಕಿದ್ದರೆ ಅವನೇ ಹಿಂದೆ ಬರಬೇಕಿತ್ತು.